ಅವ್ವನ ಎಡಗೈ

ಗೊಬ್ಬೂರಿನಲ್ಲಿ ನಮ್ಮಪ್ಪ ಶಾಂತಲಿಂಗಪ್ಪನಷ್ಟು ಹೆಂಡತಿಯ ಹುಚ್ಚಿನ ಗಂಡಸು ಇನ್ನೊಬ್ಬನಿರಲಿಲ್ಲ. ಆ ಹುಚ್ಚೇ ಅವ್ವನ ಕೈಗೆ ಮುಳುವಾದದ್ದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಹಿಂದೆಯೇ ನಗುವೂ ಬರುತ್ತದೆ.

ಯುದ್ಧ ನಡೆದಿದ್ದ ಕಾಲ. ಜೇವರ್ಗಿಯಿಂದ ಬರುವಾಗ ಅವ್ವ ಬಂಡಿಯಿಂದ ಬಿದ್ದು ಎಡ ಮುಂಗೈ ಮುರಿದುಕೊಂಡಳು. ನಾಟಿ ವೈದ್ಯ ಪೀರಪ್ಪ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿದ ಮೇಲೆ ತಾನೇ ಬಂದು ಬಿಚ್ಚಿ, "ಇನ್ನ ದಿನಾ ಕೈ ಆಡಸ್ಬೇಕ್ರಿ" ಎಂದು ಹೇಳಿ ಹೋದ. ಅವನು ಬೆನ್ನು ತಿರುಗಿಸುವುದೇ ತಡ, ಅಪ್ಪ ತನ್ನ ಧೋತರ ಹರಿದು ಆ ಕೈಯನ್ನು ಮತ್ತೆ ಕೊರಳಿಗೆ ಕಟ್ಟಿದ. ಒಂದು ಕಡ್ಡಿ ಎತ್ತಿಡಲೂ ಬಿಡಲಿಲ್ಲ. ಅವ್ವನೂ ಒಂದಿಷ್ಟು ದಿನ ಸುಖಪಟ್ಟಳು ಅನ್ನಿ.

ಶ್ರಾವಣ ಬಂತು. ಅವ್ವ ಕಟ್ಟು ಬಿಚ್ಚಿ ಲಿಂಗಪೂಜೆಗೆ ಕುಳಿತಳು. ಎಡ ಅಂಗೈ ಮೇಲ್ಮುಖವಾಗಿ ತಿರುಗಲಿಲ್ಲ, ಅರ್ಧಕ್ಕೇ ನಿಂತುಬಿಟ್ಟಿತು. ಇಷ್ಟಲಿಂಗ ಇಡುವುದು ಎಡ ಅಂಗೈಯಲ್ಲಿ. ಓರೆಯಾದ ಅಂಗೈಯಲ್ಲಿ ಅದು ನಿಲ್ಲುವುದಾದರೂ ಹೇಗೆ? ಕೈ ಕಟ್ಟಿದ್ದಾಗ ಕೊರಳಿನ ಲಿಂಗಕ್ಕೆ ಕೈಮುಟ್ಟಿಸಿ ಉಣ್ಣುತ್ತಿದ್ದಳು. ಈಗ ಒಪ್ಪಲಿಲ್ಲ.

"ಕಟ್ಟು ಬಿಚ್ಚೇದಲ್ಲ, ಶಿವಗ ಇನ್ನೇನು ನೆಪಾ ಹೇಳ್ಲಿ?" ಎಂದು ಗಂಜಿಯ ಮೇಲೇ ಉಳಿದಳು. ಪೂಜೆಯಾಗದೆ ರೊಟ್ಟಿ ಮುಟ್ಟಲಿಲ್ಲ.

"ನಿನ್ನ ಕೈ ಕೆಳಗ ನನ್ನ ಅಂಗೈ ಹಿಡೀತೇನಿ ತಗೊ" ಎಂದ ಅಪ್ಪ.

"ನನ್ನ ಪೂಜಿ ನೀವು ಹೆಂಗ ಮಾಡ್ತೀರಿ?"

ನೆರೆಮನೆಯ ಶಮ್ಸುನ್ನಿಸಾ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕುವವಳು. ಬಂದು ಮುಂಗೈ ಒತ್ತಿ ನೋಡಿದಳು.

"ಎಲುಬು ಖಾಸಾ ಕೂಡೇದ ಬಾಯೀ. ಕೆಲಸಿಲ್ಲದಽ ಕುಂತು ಮಾಂಸ ಬಿಗದದ."

ಬಿಸಿನೀರಿನ ಕಾವು ಕೊಟ್ಟು, ಎಣ್ಣೆ ಹಚ್ಚಿ, ಮೆಲ್ಲಗೆ ತಿರುಗಿಸಿದಳು. ಅವ್ವ "ಯಪ್ಪಾ!" ಎಂದು ಚೀರಿದಳು. ಅಪ್ಪ ಓಡಿಬಂದು, "ಕೊಲ್ತಿಯೇನು ಆಕಿನ್ನ? ನಡಿ ಹೊರಗ!" ಎಂದು ಶಮ್ಸುನ್ನಿಸಾಳನ್ನು ಅಟ್ಟಿಯೇ ಬಿಟ್ಟ.

ಗಂಜಿ ಕುಡಿದು ಕುಡಿದು ಅವ್ವ ಸೊರಗಿದಳು. ಎದುರಿಗೆ ಕೂತ ಅಪ್ಪನೂ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಏಳತೊಡಗಿದ. ಕೊನೆಗೆ ಶಮ್ಸುನ್ನಿಸಾಳ ಅಂಗಳಕ್ಕೆ ಹೋಗಿ ರುಮಾಲು ತೆಗೆದು ನಿಂತ. ಅಂಥವನ ಮೇಲೆ ನಾನಾದರೂ ಎಷ್ಟು ಹೊತ್ತು ಸಿಟ್ಟಾಗಿರಲಿ?

"ಬರ್ತೇನ್ರಿ ಸಾವಕಾರ್ರ. ಆದ್ರ ನಾ ಮುಟ್ಟಂಗಿಲ್ಲ" ಎಂದಳು ಅವಳು. "ನಾ ಹೇಳ್ತೇನಿ, ನೀವು ತಿರುಗಸ್ರಿ. ಆಕಿ ಚೀರಿದ್ರ ನೀವಽ ಹೊರಗ ನಡೀರಿ."

ಅಪ್ಪನ ಮುಖ ನೋಡಬೇಕಿತ್ತು! ದಿನಾ ಬೆಳಿಗ್ಗೆ ಅವ್ವನ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದ, ತಾಳುವಷ್ಟು ತಿರುಗಿಸುತ್ತಿದ್ದ, ಬಿಡುತ್ತಿದ್ದ. ಅವ್ವ ಸೆರಗು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಗಂಡ ಹೆದರಿ ಬಿಟ್ಟುಬಿಟ್ಟಾನೆಂಬ ಅಂಜಿಕೆ ಅವಳಿಗೆ.

"ನೋವು ಒಬ್ಬರಿಗೆ, ಕಣ್ಣೀರು ಇನ್ನೊಬ್ಬರಿಗೆ ನೋಡ ಬೇ!" ಎಂದು ಶಮ್ಸುನ್ನಿಸಾ ನನ್ನನ್ನು ತಿವಿದು ನಗುತ್ತಿದ್ದಳು. ಉಳಿದ ಹೊತ್ತು ಹಿಟ್ಟು ನಾದು, ಬಟ್ಟೆ ಹಿಂಡು ಎಂದು ಆ ಕೈಗೆ ಕೆಲಸ ಹಚ್ಚಿದಳು. ಅಪ್ಪ ಹಲ್ಲು ಕಚ್ಚಿ ನೋಡುತ್ತ ಕೂರುತ್ತಿದ್ದ.

ಶ್ರಾವಣದ ಕಡೆಯ ಸೋಮವಾರ ಅಂಗೈ ಮೇಲ್ಮುಖವಾಯಿತು. ಪೂರ್ತಿ ಸಮವಾಗಿರಲಿಲ್ಲ, ಆದರೆ ಲಿಂಗ ನಿಂತಿತು. ಅವ್ವ ನೀರೆರೆದು, ಪತ್ರಿ ಏರಿಸಿ, ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತ ಅಪ್ಪ ಉಸಿರಾಡಿದನೋ ಇಲ್ಲವೋ ನಾ ಕಾಣೆ.

ಪೂಜೆ ಮುಗಿಯಿತು. ನಾನು ಬಿಸಿ ರೊಟ್ಟಿ ತಂದಿಟ್ಟೆ. ಅವ್ವ ತಾಟಿನತ್ತ ನೋಡಲಿಲ್ಲ.

"ಮೊದಲ ನಿಮ್ಮ ಕೈ ತರ್ರಿ ಇಲ್ಲಿ" ಎಂದಳು. ತಿಕ್ಕಿ ತಿಕ್ಕಿ ಅಪ್ಪನ ಹೆಬ್ಬೆರಳು ಬಾತುಕೊಂಡಿದ್ದು ನಮಗಾರಿಗೂ ಕಂಡಿರಲಿಲ್ಲ, ಅವಳಿಗೆ ಕಂಡಿತ್ತು. ಅದಕ್ಕೆ ಎಣ್ಣೆ ಹಚ್ಚಿ ಎಡಗೈಯಿಂದಲೇ ಒತ್ತಿದಳು. ಅಪ್ಪ ಚೀರಿದ ಚೀರು ಶಮ್ಸುನ್ನಿಸಾಳ ಮನೆಗೂ ಕೇಳಿತು.