ಮುಖಗವಸಿನವನ ಗೋಡೆ

ಆಂಧ್ರದ ಗಡಿಯೂರು ಆದೋನಿಯ ಆ ಕನ್ನಡ ಹುಡುಗಿಯರ ಶಾಲೆಯಲ್ಲಿ ಏಳನೇ ತರಗತಿಯ ಕಿಟಕಿಯನ್ನು ಯಾರೂ ತೆರೆಯುತ್ತಿರಲಿಲ್ಲ. ತರಗತಿಯ ಹಿಂಗೋಡೆ ಬಸ್ ಸ್ಟಾಪಿನ ಸಂದಿಗೆ ತಾಗಿಕೊಂಡಿತ್ತು. ಬಸ್ಸಿಳಿದ ಗಂಡಸರಿಗೆ ಉಚ್ಚೆ ಹೊಯ್ಯಲು ಇಡೀ ಊರಲ್ಲಿ ಅದೊಂದೇ ಗೋಡೆ ಕಾಣಿಸುತ್ತಿತ್ತೋ ಏನೋ! ಮುಚ್ಚಿದ ಆ ಕೋಣೆಯ ಸೆಕೆಯಲ್ಲಿ ಪದ್ಯ ಹೇಳುತ್ತಾ ಹೇಳುತ್ತಾ ಮಹೇಶ್ವರಿ ತಲೆ ಸುತ್ತಿ ಬಿದ್ದಳು. ಅವತ್ತೇ ಕ್ಲಾಸ್ ಟೀಚರ್ ಸುಷಮಾ ಹುಡುಗಿಯರಿಗೆ ಮಾತು ಕೊಟ್ಟಳು: ಹೇಗಾದರೂ ಮಾಡಿ ಈ ಕಿಟಕಿ ತೆರೆಸುತ್ತೇನೆ.

ಇಂಥ ಗೋಡೆಗೆ ಮದ್ದು ಎಲ್ಲರಿಗೂ ಗೊತ್ತಿದ್ದದ್ದೇ, ದೇವರ ಚಿತ್ರ. ಆದರೆ ಯಾವ ದೇವರು ಎಂದು ಕೇಳಿದ್ದೇ ತಪ್ಪಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಕೊನೆಗೆ ಹೆಡ್ಮಾಸ್ತರು ದೇವರ ಸುದ್ದಿಯೇ ಬೇಡವೆಂದು ಕೈ ಮುಗಿದರು. ಹುಡುಗಿಯರೇ ದಾರಿ ತೋರಿಸಿದರು. ಕಾಮಿಕ್ಸಿನ ಹೀರೋಗಳನ್ನು ಬರೆಸಿದರೆ ಯಾರ ತಕರಾರೂ ಇರುವುದಿಲ್ಲವಲ್ಲ!

ದಾಸರ ಪದ ಕೇಳಿ ಬೆಳೆದ ಸುಷಮಾಳಿಗೆ ಈ ಹಾರುವವರು, ಬಸ್ಸು ಎತ್ತುವವರು, ಮುಖ ಮುಚ್ಚಿಕೊಂಡು ತಿರುಗುವವರು ಎಲ್ಲ ಒಂದೇ ಥರ ಕಂಡರು. ಇವರಲ್ಲಿ ಯಾರಿಗೆ ಜನ ನಾಚಿಕೊಂಡಾರು? ಆಕೆ ಕೃಷ್ಣಮೂರ್ತಿ ಮಾಸ್ತರರ ಮನೆಗೆ ಹೋದಳು. ಇದೇ ಶಾಲೆಯಲ್ಲಿ ಆಕೆಗೆ ಅಕ್ಷರ ಕಲಿಸಿ ನಿವೃತ್ತರಾದ ಗುರುಗಳು. ದಿಕ್ಕು ತೋಚದಾಗಲೆಲ್ಲ ಆಕೆ ಹೋಗುತ್ತಿದ್ದದ್ದು ಅಲ್ಲಿಗೇ.

"ನೋಡಮ್ಮ, ಹಾರೋದು ದೊಡ್ಡದಲ್ಲ. ಯಾರೂ ನೋಡದಾಗ ನೆಟ್ಟಗ ಇರ್ತಾನಲ್ಲ, ಅವನು ಆದರ್ಶ. ಹೆಸರು ಬ್ಯಾಡ ಅಂತ ಮುಖ ಮುಚ್ಕೊಂಡು ಒಳ್ಳೇದು ಮಾಡ್ತಾನಲ್ಲ, ಅವನ್ನ ಬರಸು," ಎಂದರು ಮಾಸ್ತರು.

ಪೇಂಟರ್ ತಿರುಮಲೇಶ್ ಮುಖಗವಸಿನವನನ್ನೇ ಬರೆದ. ಪಾರ್ಟಿ ಲೀಡರುಗಳನ್ನು ಬರೆದು ಪಳಗಿದ ಕೈ, ಗವಸಿನ ಕೆಳಗೆ ದಪ್ಪ ಮೀಸೆಯೊಂದು ತಾನಾಗಿ ಬಂತು. ಮರುದಿನ ಬೆಳಿಗ್ಗೆ ಹೀರೋನ ಬೂಟು ಒದ್ದೆ.

"ಅವನ ಕಣ್ಣೇ ಮುಚ್ಚೀವಿ ಕದಾ ಮೇಡಂ, ಯಾರಿಗೆ ಅಂಜಬೇಕು?" ಎಂದ ತಿರುಮಲೇಶ್. ಕಿಟಕಿಯ ಆ ಬದಿಗೆ ಮೇಲಿನಿಂದ ಎಲ್ಲವನ್ನೂ ನೋಡುವ ಹಾರುವವನನ್ನು ಬರೆದ, ದೊಡ್ಡ ಕಣ್ಣಿಟ್ಟು. ಅವನೂ ನೆನೆದ. ಸುಷಮಾಳಿಗೆ ತಲೆ ಕೆಟ್ಟುಹೋಯಿತು. ಒಳ್ಳೆಯವರನ್ನು ಹುಡುಕುವುದು ಇಷ್ಟು ಕಷ್ಟವೇ, ಅಥವಾ ತಾನು ಹುಡುಕುತ್ತಿರುವುದೇ ಬೇರೆಯೇ?

"ದಸ್ತಗಿರಮ್ಮನ್ನ ಬರಸ್ರಿ ಮೇಡಂ. ದಿನಾ ಗ್ವಾಡಿ ತೊಳಿಯಾಕಿ ಆಕೀನ," ಎಂದಳು ಹಿಂದಿನ ಬೆಂಚಿನ ಭುವನಾ. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಸುಷಮಾಳ ಕಣ್ಣೂ ತುಂಬಿ ಬಂತು.

ಆಯಾ ದಸ್ತಗಿರಮ್ಮ ಪೊರಕೆ ಕೆಳಗಿಟ್ಟಳು. "ಏಮಮ್ಮಾ, ಮುಂಜಾನೆ ತೊಳಿಯೋದು ಸಾಲಂಗಿಲ್ಲೇನು? ದಿನವೆಲ್ಲಾ ಅಲ್ಲಿ ನಿಂತು ಅದನ್ನ ನೋಡಬೇಕಾ ನಾನು?"

ಆ ಮಾತು ಸುಷಮಾಳನ್ನು ಚುಚ್ಚಿತು. ಆಚೆ ನೋಡಬೇಡಿ ಎಂದು ಹುಡುಗಿಯರಿಗೆ ಹೇಳುತ್ತಾ ಬಂದವಳು ತಾನೇ. ಕಿಟಕಿ ಮುಚ್ಚಿಸಿದವಳೂ ತಾನೇ.

ಮರುದಿನ ಮೊದಲ ಪಿರಿಯಡ್ಡು. ಹಾಜರಿ ಕೂಗುತ್ತಿರುವಾಗ ಗೋಡೆಯಾಚೆ ಅದೇ ಸದ್ದು. ಹುಡುಗಿಯರು ತಲೆ ತಗ್ಗಿಸಿದರು. ಸುಷಮಾಳಿಗೆ ಮೈಯೆಲ್ಲ ಉರಿದುಹೋಯಿತು. ನೇರ ಹೋಗಿ, ತುಕ್ಕು ಹಿಡಿದ ಚಿಲಕ ಎಳೆದು, ಕಿಟಕಿ ತೆರೆದು ತಲೆ ಹೊರಗೆ ಹಾಕಿದಳು.

ಮುಖಗವಸಿನವನ ಬೂಟಿನ ಎದುರು, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಣೆಯ ಮೇಲೆ ಅಂಗಾರ ಅಕ್ಷತೆ ಇಟ್ಟ ಕೃಷ್ಣಮೂರ್ತಿ ಮಾಸ್ತರು ನಿಂತಿದ್ದರು.

ಬೈಯಬೇಕೋ, ಕಿಟಕಿ ಮುಚ್ಚಬೇಕೋ ತಿಳಿಯಲಿಲ್ಲ. ಅಳುವೂ ನಗುವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಹಳೆಯ ರೂಢಿಯ ನಾಲಿಗೆ ತಾನೇ ಹೊರಳಿತು: "ನಮಸ್ಕಾರ್ರಿ ಮಾಸ್ತರ್ರ."

ಹಿಂದಿದ್ದ ಹುಡುಗಿಯರಿಗೆ ಕಂಡದ್ದು ಟೀಚರ ಬೆನ್ನು ಮಾತ್ರ. ಯಾರೋ ಮಾಸ್ತರು ಬಂದಿದ್ದಾರೆಂದು ಧಡಕ್ಕನೆ ಎದ್ದು ನಿಂತು ಒಕ್ಕೊರಲಿನಲ್ಲಿ ಕೂಗಿದರು: "ಗುಡ್ ಮಾರ್ನಿಂಗ್ ಸಾ...ರ್!"

ಕೊಡೆ ಕೆಳಗೆ ಬಿತ್ತು. ಬಂದವರು ಕೂತ್ಕೊಳ್ರಿ ಅನ್ನುವವರೆಗೆ ಕೂರಬಾರದೆಂಬುದು ಶಾಲೆಯ ರೂಢಿ, ಅದನ್ನು ಹಾಕಿಕೊಟ್ಟವರೂ ಮಾಸ್ತರರೇ. ಹುಡುಗಿಯರು ನಿಂತೇ ಇದ್ದರು. ಆಚೆ ಚಪ್ಪಲಿಯ ಸದ್ದು ಮಾತ್ರ ದೂರವಾಯಿತು.

"ಮೇಡಂ, ಕಿಟಕಿ ಹಾಕ್ಲೇನ್ರಿ?" ಎಂದಳು ಮಹೇಶ್ವರಿ.

"ಬ್ಯಾಡ," ಎಂದಳು ಸುಷಮಾ. "ಕೂತ್ಕೊಳ್ರಿ ಎಲ್ಲಾರೂ."