ನಗು ಬರೋ ಹಾಗಿರ್ಲಿ

ಬಂದೂಕು, ಲಾರಿ ಹೇಗೆ ನೋಡ್ಕೋಬೇಕು ಅಂತ ಸೈನಿಕರಿಗೆ ಕಲಿಸೋ ಕಾಮಿಕ್ಸ್‌ಗೆ ಚಾಮರಾಜಪೇಟೆಯ ನಮ್ಮನೇಲೇ ಕೂತು ಚಿತ್ರ ಬರೀತೀನಿ. ಅದರಲ್ಲಿ ಎಲ್ಲಾನೂ ಮರೆಯೋ ಪೆದ್ದ ಸೈನಿಕ ಒಬ್ಬ ಇದಾನೆ, ಮಾಯಣ್ಣ ಅಂತ.

ಪಕ್ಕದ ಮನೆ ಮುನಿಯಕ್ಕನ ಮಗ ವಸಂತ್ ಮಿಲಿಟ್ರಿ ಲಾರಿ ಡ್ರೈವರ್. ರಜಕ್ಕೆ ಬಂದಾಗ, "ಅಂಕಲ್, ಬ್ರೇಕ್ ಹಿಡೀತಿಲ್ಲ. ಹೊಸ ಪಾರ್ಟ್ ಕೊಡಿ ಅಂತ ನಮ್ಮ ಮಿಲಿಟ್ರಿ ಸ್ಟೋರ್‌ನಲ್ಲಿ ಕೇಳಿ ಕೇಳಿ ಸಾಕಾಯ್ತು" ಅಂದಿದ್ದ. ವಾಪಸ್ ಹೋದ್ಮೇಲೆ ಅದೇ ಲಾರಿ ಘಾಟಿಯಲ್ಲಿ ಉರುಳಿ ಸತ್ತ.

ಆಮೇಲೆ ಕಾಮಿಕ್ಸ್ ಮಾಡಿಸೋ ಮಿಲಿಟ್ರಿ ಸಾಹೇಬ್ರ ಫೋನ್ ಬಂತು. "ಈ ಸಲ ಬ್ರೇಕ್ ಬಗ್ಗೆ ಬರೀರಿ. ತಪ್ಪು ಮಾಯಣ್ಣಂದು. ನಗು ಬರೋ ಹಾಗಿರ್ಲಿ."

ಮೈ ಉರಿದುಹೋಯ್ತು. ಮಾಯಣ್ಣ ಬ್ರೇಕ್ ಪಾರ್ಟ್ ಕೇಳ್ತಾ ಸ್ಟೋರ್ ಕಿಟಕಿಗೆ ಕೈಚಾಚಿ ನಿಂತಿರೋ ಹಾಗೆ, ಒಳಗೆ ಒಬ್ಬ ಸಾಹೇಬ ಗೊರಕೆ ಹೊಡೀತಿರೋ ಹಾಗೆ ಬರೆದು ಕಳಿಸಿದೆ.

ಅಚ್ಚಾಗಿ ಬಂದಾಗ ನೋಡಿದ್ರೆ ಕಿಟಕಿನೂ ಇಲ್ಲ, ಸಾಹೇಬನೂ ಇಲ್ಲ. ಮಾಯಣ್ಣ ಬರೀ ಗಾಳಿಗೆ ಕೈಚಾಚಿ ನಿಂತಿದಾನೆ.

ತುಂಬಾ ನಗು ಬಂತಂತೆ ಸಾಹೇಬ್ರಿಗೆ.