ಡಿಕ್ಕಿ ಏರಿದ ಮಲ್ಲೇಶ್ವರಿ

"ಡಿಕ್ಕಿ ಮುಚ್ರಿ," ಎಂದಳು ಮಲ್ಲೇಶ್ವರಿ, ಕಾರಿನ ಡಿಕ್ಕಿಯೊಳಗೆ ಮುದುಡಿ ಮಲಗಿಕೊಂಡು.

ಭಾಗ್ಯನಗರ ಹುಟ್ಟಿದಾಗಿನಿಂದ ಯಾವ ಹೆಂಡತಿಯೂ ಗಂಡನಿಗೆ ಇಂಥ ಅಪ್ಪಣೆ ಕೊಟ್ಟಿರಲಿಲ್ಲ, ಇನ್ನು ಕೊಡುವುದೂ ಇಲ್ಲ. ಹಂಪಣ್ಣ ಬಾಯಿ ತೆರೆದ. ಆ ಬಾಯಿಯೊಳಗೆ ಕಾರೇ ಹಿಡಿಸುವಂತಿತ್ತು.

"ತಲಿ ಗಿಲಿ ಕೆಟ್ಟೈತೇನ ನಿಂದು? ಇಲಿಯಾಸ ಗಾಡಿ ನೋಡಾಕ ಬರೂ ಹೊತ್ತಾತು!"

"ಅವರು ಬರೂದ್ರಾಗ ಮುಚ್ರಿ ಅಂತನ ಹೇಳಾಕತ್ತೀನಿ."

ಸಂಗತಿ ಇಷ್ಟೇ. ಕಾರಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತಿತ್ತು. ಹೊಸದು ಹಾಕಿಸಿದರೂ ಅದೇ ಕಥೆ. ಮಲ್ಲೇಶ್ವರಿ ಆ ಕಾರಿನಲ್ಲಿ ಗಿಣಿಗೇರಾದ ಶಾಲೆಗೆ ಪಾಠ ಹೇಳಲು ಹೋಗುವವಳು. ಅವಳು ಸ್ಟೀರಿಂಗ್ ಹಿಡಿದಳೆಂದರೆ ಕಾರ್ಖಾನೆಯ ಅದಿರು ಲಾರಿಗಳು ಸಹ ಪಕ್ಕಕ್ಕೆ ಸರಿದು ಕೈಮುಗಿಯುತ್ತಿದ್ದವು. ಹಂಪಣ್ಣನದು ಮಾತ್ರ ಒಂದೇ ಹಾಡು: "ನೀನ ಲೈಟ್ ಆರಸೂದು ಮರೀತಿ." ಅದು ಯಲಬುರ್ಗಾದವರೆಗೆ ಕೇಳಿಸುತ್ತಿತ್ತು. ಕೊನೆಗೆ ಗಂಗಾವತಿಯ ಇಲಿಯಾಸನಿಗೆ ಕಾರು ಮಾರುವ ಮಾತಾಡಿ, ಚಾರ್ಜಿಗೆ ಕೊಟ್ಟಿದ್ದ ಬ್ಯಾಟರಿಯನ್ನು ಈಗಷ್ಟೇ ತಂದು ಕೂಡಿಸಿದ್ದ. ಕಾರು ಹೋದರೆ ಮಲ್ಲೇಶ್ವರಿ ಮತ್ತೆ ಅವನ ಬೈಕಿನ ಹಿಂದೆ, ಅದೂ ಅವನಿಗೆ ಪುರುಸೊತ್ತಾದಾಗ. ಮೇಲೆ ಮರೆಗುಳಿ ಎಂಬ ಬಿರುದು, ಸಾಯುವತನಕ.

ಹೆಡ್‌ಲೈಟು, ಒಳಗಿನ ದೀಪ, ಟೇಪು ಎಲ್ಲವನ್ನೂ ಅವಳು ತಡಕಿ ಮುಗಿಸಿದ್ದಳು. ಉಳಿದದ್ದು, ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗ ಒಂದೇ.

"ಮುಚ್ಚೋ, ಅಕಿ ಹೇಳಿದ್ದು ಒಮ್ಮೆರ ಕೇಳು," ಎಂದಳು ಅತ್ತೆ ದುರುಗವ್ವ ಕಟ್ಟೆಯ ಮೇಲಿಂದ. "ದಿನಾ ಹೆಂಗ ಮುಚ್ಚತೀ, ಹಂಗ."

ಹಂಪಣ್ಣ ಮುಚ್ಚಿದ. ಟಕ್. ಅಷ್ಟರಲ್ಲಿ ಇಲಿಯಾಸ ಗೇಟು ದಾಟಿ ಬಂದ.

"ಸಲಾಂ ಅಣ್ಣಾರ. ಅಕ್ಕಾರ ಎಲ್ಲದಾರ್ರಿ?"

"ಇಲ್ಲೇ ಅದೀನ್ರಿ!" ಎಂದಿತು ಡಿಕ್ಕಿ.

ಇಲಿಯಾಸ ಹಾರಿದ ಎತ್ತರ ತೆಂಗಿನ ಮರಕ್ಕೆ ಸಮ. ಇದು ಕಡಿಮೆ ಮಾಡಿ ಹೇಳಿದ್ದು.

"ದೀಪ ಉರಿಯಾಕತ್ತೈತ್ರೀ! ಆರೇ ಇಲ್ಲ! ಸೂಜಿಗೆ ದಾರ ಪೋಣಸಬೌದು, ಅಷ್ಟು ಬೆಳಕೈತಿ!"

ತೆರೆದಾಗ ಅವಳು ಕೆದರಿದ ಕೂದಲಲ್ಲೇ ಯುದ್ಧ ಗೆದ್ದ ರಾಣಿಯಂತೆ ಎದ್ದು ಕೂತು, ಕೆಳಗಿದ್ದ ಕೌದಿಯ ಅಂಚು ಹಿಡಿದು ತೋರಿಸಿದಳು. ದಿನಾ ಸಂಜೆ ಡಿಕ್ಕಿಯಲ್ಲಿ ತರುವ ತನ್ನ ಅಂಗಡಿಯ ಸೀರೆ ಗಂಟುಗಳಿಗೆ ಮಸಿ ಹತ್ತಬಾರದೆಂದು ಹಂಪಣ್ಣನೇ ಹಾಸಿದ್ದ ಕೌದಿ ಅದು. ದುರುಗವ್ವ ಹಳೆಯ ಸೀರೆಗಳನ್ನೆಲ್ಲ ಪದರ ಪದರ ಸೇರಿಸಿ ಹೊಲಿದದ್ದು, ಕೋಟೆಯ ಗೋಡೆಯಷ್ಟು ದಪ್ಪ. ಅದರ ಅಂಚು ಬಾಗಿಲಿಗೆ ಅಡ್ಡ ಸಿಕ್ಕು, ಡಿಕ್ಕಿ ಅರ್ಧವಷ್ಟೇ ಕಚ್ಚುತ್ತಿತ್ತು. ಹೊರಗೆ ಮುಚ್ಚಿದಂತೆ ಕಂಡರೂ, ಪೂರ್ತಿ ಮುಚ್ಚಿದರಷ್ಟೇ ಆರುವ ಒಳಗಿನ ದೀಪ ರಾತ್ರಿಯಿಡೀ ಉರಿಯುತ್ತಿತ್ತು.

"ಹೌದಲ್ಲ!" ಎಂದಳು ದುರುಗವ್ವ. "ನಾ ಕೌದಿ ಒಗ್ಯಾಕ ಒಯ್ದ ವಾರ ಗಾಡಿ ಒಂದಿನಾನೂ ಕೆಟ್ಟು ಮಕ್ಕೊಂಡಿರಲಿಲ್ಲ. ಲೈಟ್ ಹಚ್ಚಿ ಬಿಡಾಂವ ನೀನ ಅದೀಯಲ್ಲೋ ಹಂಪ್ಯಾ!"

ಮಲ್ಲೇಶ್ವರಿ ಕೌದಿ ಎಳೆದು ಗಂಡನ ಕೈಗಿಟ್ಟು, ಡಿಕ್ಕಿ ಮುಚ್ಚಿದಳು. ಟಕ್, ಟಕ್. ಎರಡನೆಯ ಸದ್ದನ್ನು ಆ ಮನೆ ಬಹಳ ದಿನಗಳಿಂದ ಕೇಳಿರಲಿಲ್ಲ.

"ಅಕ್ಕಾರ, ಗಾಡಿ ಮತ್ತ...?" ಎಂದ ಇಲಿಯಾಸ.

"ಚಾ ಕುಡದು ಹೋಗ್ರಿ."

ಮರುದಿನ ಬೆಳಿಗ್ಗೆ ಅವಳು ಕೀಲಿ ತಿರುವಿದ ಕೂಡಲೇ ಕಾರು ಗುಡುಗಿತು; ಸಾಣಾಪುರದ ಕೆರೆಯಲ್ಲಿ ಅಲೆ ಎದ್ದಿತು. ಹಂಪಣ್ಣ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಗೇಟಿನ ಎರಡೂ ಬಾಗಿಲು ತೆರೆದು ಹಿಡಿದು ನಿಂತ.